ಇಬ್ಬರ ತೋಳಳತೆಯ ಮಡಿ

ಆ ಗುರುವಾರ ನಾನು ಮತ್ತು ನೀಲಕ್ಕ ಜಗಳವಾಡಿದ್ದು ಮೆಂತ್ಯದ ಸೊಪ್ಪಿಗಾಗಿ. ಹಿತ್ತಿಲಿಗೆ ಹೊಂದಿಕೊಂಡ ತೋಟದಲ್ಲಿ ನಮ್ಮವು ನಾಲ್ಕು ತರಕಾರಿ ಮಡಿಗಳಿದ್ದವು. ಮೂರನೆಯದು ಖಾಲಿಯಾಗಿತ್ತು. ಅದಕ್ಕೆ ಮೆಂತ್ಯ ಹಾಕೋಣ ಎಂದು ನಾನು, ದಂಟು ಹಾಕೋಣ ಎಂದು ಅವಳು. ಮಡಿಯ ಆ ಬದಿಯಲ್ಲಿ ಅವಳು, ಈ ಬದಿಯಲ್ಲಿ ನಾನು, ಎದುರುಬದುರಾಗಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದೆವು.

"ಮೆಂತ್ಯ ಹಾಕಿದ್ರೆ ತಿಂಗ್ಳಿಗೆ ಖಾಲಿ. ಆಮೇಲೆ ಏನ್ ತಿಂತೀಯೆ, ಮಣ್ಣಾ?"

"ದಂಟು ತಿಂದೂ ತಿಂದೂ ನಾನೇ ದಂಟಾಗ್ಬಿಟ್ಟಿದೀನಿ ಕಣಕ್ಕ."

"ದಂಟಾಗಿದ್ರೆ ಚೆಂದಾಗಿತ್ತು. ನೀನು ಕುಂಬ್ಳಕಾಯಿ ಆಗಿದೀಯ."

ನಾನು ಒಂದು ಹಿಡಿ ಗರಿಕೆಯನ್ನು ಬೇರುಸಮೇತ ಅವಳ ಕಡೆ ಎಸೆದೆ. ಅವಳು ಅದನ್ನು ಕಳೆಯ ಗುಡ್ಡೆಗೆ ಹಾಕಿ, ಮಣ್ಣಾದ ಕೈಯ ಹಿಂಬದಿಯಿಂದ ಹಣೆ ಒರೆಸಿಕೊಂಡಳು. ಅಷ್ಟರಲ್ಲಿ ಕರೆಂಟು ಬಂತು. ಬಾವಿಯ ಕಡೆಯಿಂದ ಪಂಪ್‌ಸೆಟ್ಟಿನ ಸದ್ದು ಕೇಳಿಸಿತು. "ನಾಳೆ ನೋಡಾನ ಬುಡೇ" ಎಂದು ಅವಳು ನೀರು ತಿರುಗಿಸಲು ಎದ್ದು ಹೋದಳು.

ಮಾರನೆಯ ಬೆಳಗ್ಗೆ ಹಸುವಿನ ಹಾಲು ಕರೆದು ತಂದಿಟ್ಟವಳು ತಲೆ ಸಿಡಿಯುತ್ತಿದೆ ಎಂದು ಗೋಡೆಗೆ ಒರಗಿ ಕೂತಳು. ಅಲ್ಲಿಂದ ತಾನಾಗಿ ಏಳಲಿಲ್ಲ. ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ರಸ್ತೆಗೆ ಬಂದು, ಸಿಕ್ಕಿದ ಲಾರಿಯಲ್ಲಿ ತಿಪಟೂರಿನ ಆಸ್ಪತ್ರೆ ಮುಟ್ಟಿಸಿದರು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದು ಡಾಕ್ಟರು ಹೇಳಿದರಂತೆ. ನಲವತ್ತೂ ತುಂಬಿರಲಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ, ಕೊಬ್ಬರಿ ಅಟ್ಟದ ಕೆಳಗೆ ಗುಡಿಸುವಾಗ ತಳ ತೂತಾದ ಎರಡು ಡಾಲ್ಡಾ ಡಬ್ಬಗಳು ಸಿಕ್ಕಿದಾಗ. ನಾವು ಬೀಜ ಬಿತ್ತಿದ ಮೇಲೆ ನೀರು ಚಿಮುಕಿಸುತ್ತಿದ್ದದ್ದು ಅವುಗಳಲ್ಲೇ. ನೀಲಕ್ಕನ ಡಬ್ಬದ ತೂತುಗಳನ್ನು ಸಣ್ಣ ಮೊಳೆಯಿಂದ ಮಾಡಿದ್ದು. ಅದರಲ್ಲಿ ನೀರು ತುಂತುರು ಮಳೆಯ ಹಾಗೆ ಬೀಳುತ್ತಿತ್ತು. ಅವಳದನ್ನು ನೋಡಿ ನಾನೂ ಒಂದು ಮಾಡಿಕೊಂಡೆ. ಬೇಗ ಆಗಲಿ ಎಂದು ದಪ್ಪ ಮೊಳೆ ಹೊಡೆದೆ. ನನ್ನ ಮಳೆಗೆ ಬೀಜಗಳೆಲ್ಲ ಕೊಚ್ಚಿಕೊಂಡು ಮಡಿಯ ಒಂದು ಮೂಲೆಗೆ ಬಂದು, ಅಲ್ಲಿ ಸಂತೆ ಸೇರಿದಂತೆ ಮೊಳೆಯುತ್ತಿದ್ದವು. "ಗಿರಿಜಾ ಬಿತ್ತಿದ್ ಕಡೆ ಗಿಡ ಹುಡುಕ್‌ಬೇಡಿ, ಪಕ್ಕದ ಮೂಲೇಲಿ ನೋಡಿ" ಎಂದು ಅವಳು ಮನೆಯವರಿಗೆಲ್ಲ ಹೇಳುತ್ತಿದ್ದಳು.

ನೀಲಕ್ಕ ನನ್ನ ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಕಂದಿಕೆರೆಯಿಂದ ಹಾಲ್ಕುರಿಕೆ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗ ಅವಳು ಬಂದು ನಾಲ್ಕು ವರ್ಷವಾಗಿತ್ತು. ವಾರಗಿತ್ತಿಯರೆಂದರೆ ಒಂದು ಒಲೆಯ ಎರಡು ಸೌದೆ, ಉರಿಯದೆ ಇರುವುದಿಲ್ಲ ಎಂದು ನನ್ನ ತವರಿನವರು ಹೆದರಿಸಿಯೇ ಕಳಿಸಿದ್ದರು. ನಾನೂ ಜಗಳಕ್ಕೆ ತಯಾರಾಗಿಯೇ ಬಂದಿದ್ದೆ. ಏಳನೆಯ ತರಗತಿ ಓದಿದ್ದೆನಲ್ಲ, ಆ ಗರ್ವವೂ ಸ್ವಲ್ಪ ಇತ್ತು. ಒಂದು ದಿನ ಅವಳು ಗೊಬ್ಬರದ ಮಂಕರಿ ಹೊರಲು ಕರೆದಾಗ, ಎಲೆಗಳು ಬಿಸಿಲಿನಿಂದಲೇ ಆಹಾರ ತಯಾರಿಸಿಕೊಳ್ಳುತ್ತವೆ ಎಂದು ವಿಜ್ಞಾನದ ಪಾಠ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಂಗಾರೆ ನೀನೂ ಬಿಸ್ಲಲ್ಲಿ ಕೂತ್ಕ. ರಾತ್ರಿ ಊಟಕ್ಕೆ ಕರೆಯಲ್ಲ" ಎಂದಳು.

ನಾನು ಮಂಕರಿ ಹೊತ್ತೆ. ಜಗಳ ಅಲ್ಲಿಗೇ ಮುಗಿಯಿತು.

ನಮ್ಮ ಸೀಮೆಯ ಗಂಡಸರಿಗೆ ತೆಂಗು ಬಿಟ್ಟರೆ ಮಿಕ್ಕದ್ದೆಲ್ಲ ಹುಲ್ಲು. ಕಾಯಿ ಅಟ್ಟಕ್ಕೆ ಹೋಯಿತೋ, ವರ್ಷ ತುಂಬಿತೋ, ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಬಿಡಿಸಿಕೊಂಡು ಗಡಗಡ ಅನ್ನುತ್ತದೋ, ಇಷ್ಟೇ ಮಾತು. ತರಕಾರಿ ಎಂದರೆ ಸಂತೆಯಿಂದ ವೈರ್ ಬ್ಯಾಗಿನಲ್ಲಿ ಬರುವ ವಸ್ತು. ಸಂತೆ ತಪ್ಪಿದ ವಾರ ಮೂರು ಹೊತ್ತೂ ಕಾಯಿಚಟ್ನಿ. ನನ್ನ ತವರಿನದು ಮಳೆ ನಂಬಿದ ಬೆದ್ದಲು ನೆಲ. ಅಲ್ಲಿ ನನ್ನ ಅವ್ವ ಬಚ್ಚಲ ನೀರು ಹೋಗುವ ಕಡೆ ಒಂದು ಬಸಳೆ ಬಳ್ಳಿ ಹಬ್ಬಿಸಿದ್ದಳು. ಮನೆಯವರ ಸ್ನಾನದ ಮೇಲೆ ನಮ್ಮ ಸಾರು ನಿಂತಿತ್ತು. "ಸರಿಯಾಗಿ ನೀರು ಹುಯ್ಕಳ್ರೋ, ಬಸಳೆ ಬಾಡ್ತಾ ಐತೆ" ಎಂದು ಅವ್ವ ಬಚ್ಚಲ ಬಾಗಿಲಲ್ಲಿ ಕೂಗುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ. ಅಂಥ ಕಡೆಯಿಂದ ಬಂದ ನನಗೆ ಬಾವಿ, ಪಂಪ್‌ಸೆಟ್ಟು, ಕಾಲುವೆ ಇರುವ ತೋಟದಲ್ಲಿ ಒಂದು ಬದನೆ ಗಿಡ ಇಲ್ಲದ್ದು ಆಶ್ಚರ್ಯವಾಗಿತ್ತು.

ಇರಲಿಲ್ಲ ಎಂದರೆ ನೀಲಕ್ಕ ಪ್ರಯತ್ನ ಪಟ್ಟು ಸೋತಿದ್ದಳು. ಕರೆಂಟು ಯಾವಾಗ ಬರುತ್ತದೆ ಎಂದು ಯಾರಿಗೂ ತಿಳಿಯದು. ಬಂದಾಗ ಕಾಲುವೆಯಲ್ಲಿ ನುಗ್ಗುವ ನೀರು ನೆಲದ ಮಟ್ಟದಲ್ಲಿದ್ದ ಪಾತಿಗಳನ್ನೆಲ್ಲ ಮುಳುಗಿಸುತ್ತಿತ್ತು. ನೀರಿಲ್ಲದ ದಿನ ತೆಂಗಿನ ಬೇರು ಬಂದು ಇದ್ದಬದ್ದ ಪಸೆಯನ್ನು ಹೀರುತ್ತಿತ್ತು. ನೀರು ಬಂದರೂ ಸಾವು, ಬರದಿದ್ದರೂ ಸಾವು. ನಾನು ಬಂದ ವರ್ಷ ಅವಳು ಒಂದು ಉಪಾಯ ಮಾಡಿದಳು. ಗಿಡ ಕೆಳಗಿದ್ದರಲ್ಲವೇ ಈ ತೊಂದರೆ, ಮೇಲೆ ಕೂರಿಸೋಣ ಎಂದಳು.

ಕಾಯಿ ಸುಲಿದ ಮಟ್ಟೆಗೆ ನಮ್ಮಲ್ಲಿ ಬರವಿಲ್ಲ. ಮಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿ ಮೊಣಕಾಲೆತ್ತರದ ಗೋಡೆ ಕಟ್ಟಿದೆವು. ಒಳಗೆ ತಳದಲ್ಲಿ ಇನ್ನೊಂದು ಸಾಲು ಮಟ್ಟೆ, ಬೋಗುಣಿಯ ಹಾಗೆ ಅಂಗಾತ, ನೀರು ನಿಲ್ಲಲಿ ಎಂದು. ಅದರ ಮೇಲೆ ಒಣಗಿದ ಸೋಗೆ, ಕೆರೆಯ ಗೋಡು ಮಣ್ಣು, ತಿಪ್ಪೆಗೊಬ್ಬರ, ಒಲೆಯ ಬೂದಿ. ಕಟ್ಟುವ ಮೊದಲು, ಅಗಲಕ್ಕೆ ಅಳತೆ ಏನು ಎಂದು ನಾನು ಕೇಳಿದ್ದೆ. ಅವಳು ಆ ಕಡೆ ಕೂತಳು, ನನ್ನನ್ನು ಈ ಕಡೆ ಕೂರಿಸಿದಳು.

"ಕೈ ಚಾಚು."

ಚಾಚಿದೆ. ಅವಳೂ ಚಾಚಿದಳು. ಇಬ್ಬರ ಬೆರಳ ತುದಿಗಳು ಮುಟ್ಟಿದ ಅಳತೆಗೆ ಅಗಲ ಹಿಡಿದು ಗೂಟ ಹೊಡೆದಳು. ಅವಳು ನನಗಿಂತ ಎತ್ತರ. ತೋಳೂ ಉದ್ದ. ಹಾಗಾಗಿ ಮಡಿಯಲ್ಲಿ ಅವಳ ಪಾಲು ನನ್ನದಕ್ಕಿಂತ ಒಂದು ಗೇಣು ಹೆಚ್ಚು.

"ಮಡಿ ಒಳಕ್ಕೆ ಮಾತ್ರ ಕಾಲಿಡ್‌ಬ್ಯಾಡ. ತುಳುದ್ರೆ ಮಣ್ಣು ಉಸ್ರು ಬಿಡಲ್ಲ. ಇಲ್ಲಿಂದ ನೀನು, ಅಲ್ಲಿಂದ ನಾನು. ಆಯ್ತಾ?"

ಆಯಿತು. ಹನ್ನೊಂದು ವರ್ಷ ಹಾಗೇ ಆಯಿತು. ಬದನೆ, ಬೆಂಡೆ, ಹುರುಳಿಕಾಯಿ, ದಂಟು, ಒಮ್ಮೆ ಯಾರೋ ಕೊಟ್ಟ ಬೀಜದಿಂದ ಎಲೆಕೋಸು ಕೂಡ. ಆ ಎಲೆಕೋಸು ಉಂಡೆ ಕಟ್ಟಲಿಲ್ಲ, ಎಲೆಯಾಗಿಯೇ ಹೋಯಿತು. ಅದನ್ನೂ ಹುಳಿ ಮಾಡಿ ಬಡಿಸಿದೆವು. ಗಂಡಸರಿಗೆ ಏನೂ ತಿಳಿಯಲಿಲ್ಲ. ಕಳೆ ಕೀಳುವಾಗ ಬಳೆ ಒಡೆದರೆ ಚೂರು ಅಲ್ಲೇ ಬೀಳುತ್ತಿತ್ತು. ಅವಳದು ಯಾವಾಗಲೂ ಹಸಿರು, ನನ್ನದು ಕೆಂಪು. ಮನೆಯೊಳಗೆ ಆಡಲಾಗದ ಮಾತುಗಳನ್ನೆಲ್ಲ ನಾವು ಆಡಿದ್ದು ಆ ಮಡಿಗಳ ಮೇಲೆ. ಇಬ್ಬರ ಮುಖದ ನಡುವೆ ಬದನೆ ಗಿಡವಿದ್ದರೆ ಹೇಳಲಾಗದ್ದನ್ನೂ ಹೇಳಬಹುದು. ಅವಳಿಗೆ ಮಕ್ಕಳಾಗಲಿಲ್ಲ ಎಂಬ ದುಃಖವನ್ನು ಅವಳು ಒಮ್ಮೆ ಮಾತ್ರ ಹೇಳಿದಳು. ಅದೂ ಬೆಂಡೆಗಿಡಗಳ ಮರೆಯಲ್ಲಿ. ಹೇಳಿ, "ಆ ಕಡೇದು ಬಲ್ತೈತೆ, ಕಿತ್ಕ" ಎಂದಳು.

ಮಡಿಗಳು ಎದ್ದ ಹೊಸದರಲ್ಲಿ ಊರಿನವರಿಗೆ ಅದೊಂದು ತಮಾಷೆ. ನಾವು ಸತ್ತವರನ್ನು ಹೂಳುವ ಜನ. ಉದ್ದಕ್ಕೆ ಎದ್ದ ನಾಲ್ಕು ಮಣ್ಣುದಿಬ್ಬ ಕಂಡರೆ ಏನು ಹೊಳೆಯುತ್ತದೋ ಅದೇ ಎಲ್ಲರಿಗೂ ಹೊಳೆಯಿತು. ಮರ ಹತ್ತಿ ಕಾಯಿ ಕೀಳುವ ರಂಗಪ್ಪ ಬಂದವನು ನಿಂತು ಕೈಮುಗಿದ.

"ಯಾವ ಗುರುಗಳ ಗದ್ದುಗೆ ಅವ್ವಾ ಇವು?"

ಅತ್ತೆಗೆ ಸಿಟ್ಟು ಬಂತು. "ಮನೆ ಹಿಂದ್ಗಡೆ ನಾಕು ಸಮಾಧಿ ಕಟ್ಟವ್ಳೆ ನೋಡಪ್ಪ. ಶುಭವಾ ಇದು?"

"ನಿಮ್ಗೊಂದು, ನನ್ಗೊಂದು ಅತ್ತೆ. ಇನ್ನೆಲ್ಡು ಬದ್ನೇಕಾಯ್ಗೆ" ಎಂದಳು ನೀಲಕ್ಕ.

ಅತ್ತೆ ಒಂದು ವಾರ ಅವಳೊಂದಿಗೆ ಮಾತು ಬಿಟ್ಟರು. ಆಮೇಲೆ ಮೊದಲ ಬದನೆಕಾಯಿಯ ಎಣ್ಣೆಗಾಯಿ ತಿಂದು ಮಾತಾಡಿದರು. ಅತ್ತೆ ಈಗಲೂ ಇದ್ದಾರೆ. ನೀಲಕ್ಕನ ಆ ಮಾತನ್ನು ಅವರು ನನಗೆ ನೆನಪಿಸಿಲ್ಲ, ನಾನೂ ಅವರಿಗೆ ನೆನಪಿಸಿಲ್ಲ.

ನೀಲಕ್ಕನನ್ನು ತೋಟದ ಮೂಡಲ ಮೂಲೆಯಲ್ಲಿ ಮಣ್ಣು ಮಾಡಿದರು. ಗುಂಡಿ ಮುಚ್ಚಿ ಮಣ್ಣು ಏರಿಸಿ, ಗಂಡಸರು ನಾಲ್ಕು ಕಡೆಯಿಂದ ತುಳಿದು ಗಟ್ಟಿ ಮಾಡುತ್ತಿದ್ದರು. ದೂರದಲ್ಲಿ ಹೆಂಗಸರ ಗುಂಪಿನಲ್ಲಿದ್ದ ನಾನು "ತುಳೀಬ್ಯಾಡಿ" ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡು ಯಾರೋ ನನ್ನನ್ನು ಹಿಡಿದು ಕೂರಿಸಿದರು.

ಗಂಡ ಹೋದರೆ ಹೆಂಡತಿಯ ಹತ್ತಿರ ಬಂದು ಕೂರುತ್ತಾರೆ. ಮಗು ಹೋದರೆ ತಾಯಿಯನ್ನು ತಬ್ಬಿಕೊಳ್ಳುತ್ತಾರೆ. ವಾರಗಿತ್ತಿ ಹೋದರೆ? ಹನ್ನೊಂದನೆಯ ದಿನ ಶಿವಗಣಾರಾಧನೆಗೆ ಬಂದ ನಂಟರೆಲ್ಲ ಭಾವನವರ ಹತ್ತಿರ ಹೋಗಿ ಮಾತಾಡಿದರು, ಅತ್ತೆಯ ಹತ್ತಿರ ಅತ್ತರು. ನನ್ನ ಹತ್ತಿರ ಬಂದವರು ಎಲೆ ಎಷ್ಟು ಹಾಕಬೇಕು, ಪಾಯಸದ ಬೆಲ್ಲ ಎಲ್ಲಿದೆ ಎಂದು ಕೇಳಿದರು. "ಇನ್ಮೇಲೆ ಮನೆ ಪೂರ್ತಿ ನಿನ್ ಕೈಗೆ ಬಂತು ಕಣೇ" ಎಂದು ಒಬ್ಬರು ಸಮಾಧಾನವೋ ಅಭಿನಂದನೆಯೋ ತಿಳಿಯದ ಹಾಗೆ ಹೇಳಿದರು. ನಾನು ಬೆಲ್ಲ ತೆಗೆದುಕೊಟ್ಟೆ.

ಆಮೇಲೆ ನಾನು ಮಡಿಗಳನ್ನು ಮುಟ್ಟಲಿಲ್ಲ. ನೀರು ಹಾಕುತ್ತಿದ್ದೆ, ಅಷ್ಟೇ. ಅವಳು ನೆಟ್ಟ ಬದನೆ ಕಾಯಿ ಬಿಟ್ಟು, ಹಣ್ಣಾಗಿ, ಕೊಳೆತು, ಗಿಡ ಸೌದೆಯಾಯಿತು. ಕೀಳಲಿಲ್ಲ. ಖಾಲಿಯಿದ್ದ ಮೂರನೆಯ ಮಡಿಗೆ ಮೆಂತ್ಯವನ್ನೂ ಹಾಕಲಿಲ್ಲ, ದಂಟನ್ನೂ ಹಾಕಲಿಲ್ಲ. ಅವಳ ಕೈ ಮುಟ್ಟಿದ ಮಣ್ಣು ಅವಳು ಬಿಟ್ಟಂತೆಯೇ ಇರಲಿ ಎಂಬುದು ನನ್ನ ಆಸೆ. ಸೋಗೆ ಬಿದ್ದರೆ ಬಿದ್ದಲ್ಲೇ ಇರುತ್ತಿತ್ತು. ಮಟ್ಟೆ ಕೊಳೆಯಿತು, ಗೊಬ್ಬರ ಕರಗಿ ಕಪ್ಪಾಯಿತು. ಎರಡು ವರ್ಷ ಹೀಗೆ ಕಳೆದವು. ಅದೇ ನಾನು ಮಾಡಿದ ತಪ್ಪು.

ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಈಗಾಗಲೇ ಗೊತ್ತಾಗಿರುತ್ತದೆ. ಕೊಳೆತ ಗೊಬ್ಬರ ಅಲುಗಾಡದೆ ಬಿದ್ದಿದ್ದರೆ ಅದರೊಳಗೆ ಹೆಬ್ಬೆರಳು ಗಾತ್ರದ ಬಿಳಿ ಹುಳ ಬೆಳೆಯುತ್ತದೆ. ಅದೇ ಮುಂದೆ ಮೂತಿಯ ಮೇಲೆ ಕೊಂಬಿರುವ ಕರಿ ದುಂಬಿಯಾಗಿ ಹಾರಿ, ತೆಂಗಿನ ಸುಳಿ ಕೊರೆಯುತ್ತದೆ. ನೀಲಕ್ಕ ಪ್ರತಿವರ್ಷ ಮುಂಗಾರಿಗೆ ಮುಂಚೆ ನಾಲ್ಕೂ ಮಡಿಗಳನ್ನು ಬಗೆದು, ಮಣ್ಣನ್ನು ಹೊರಗೆ ಹಾಕಿ, ಹುಳಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ನನಗೆ ಅದು ಅಸಹ್ಯ. ಆ ದಿನ ಮಾತ್ರ ನಾನು ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ಪ್ರಾಣಿ ಕೊಲ್ಲುವುದಿಲ್ಲ. ಅದಕ್ಕೂ ಅವಳ ಹತ್ತಿರ ದಾರಿ ಇತ್ತು. ಹುಳಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರಡಿ ದೂರ ಸರಿದು ನಿಲ್ಲುವಳು. ಕಾಗೆ, ಗೊರವಂಕಗಳು ಇಳಿದು ಆರಿಸಿಕೊಳ್ಳುತ್ತಿದ್ದವು.

"ನಾವು ಕೊಂದಂಗೂ ಆಗ್ಲಿಲ್ಲ, ಅವು ಹಸ್ಕಂಡಂಗೂ ಆಗ್ಲಿಲ್ಲ" ಎಂದು ಕೈ ತೊಳೆಯುತ್ತಿದ್ದಳು.

ಆ ಬೇಸಿಗೆ ರಂಗಪ್ಪ ಬಾವಿಯ ಹತ್ತಿರದ ಎಳೆಯ ಮರ ನೋಡಿ ನಿಂತ. ಮೊದಲ ಹೊಂಬಾಳೆ ಬರಬೇಕಾಗಿದ್ದ ಮರ. ಹೊಸ ಗರಿಗಳೆಲ್ಲ, ಮಕ್ಕಳು ಕಾಗದ ಮಡಚಿ ಕತ್ತರಿಸಿ ಬಿಡಿಸಿದ ತೋರಣದ ಹಾಗೆ, ಎರಡೂ ಕಡೆ ಒಂದೇ ಸಮ ಕತ್ತರಿಸಿಹೋಗಿದ್ದವು. ಏಣಿ ಹಾಕಿ ಹತ್ತಿ, ಸುಳಿಯೊಳಗೆ ಕಬ್ಬಿಣದ ಕೊಕ್ಕೆ ತೂರಿಸಿ ಒಂದು ದುಂಬಿ ಎಳೆದು ಕೆಳಗೆ ಎಸೆದ. ಆಮೇಲೆ ಇನ್ನೊಂದು. ಪಕ್ಕದ ಮರದಲ್ಲೂ ಎರಡು. ಕೆಳಗಿಳಿದು ಭಾವನವರಿಗೆ ಹೇಳಿದ.

"ಗೌಡ್ರೇ, ಹುಳ ಬ್ಯಾರೆ ಎಲ್ಲಿಂದ್ಲೂ ಬತ್ತಿಲ್ಲ ಕಣ್ರೀ. ಅಲ್ಲಿಂದ ಬತ್ತಾವೆ." ಅವನು ನಮ್ಮ ಮಡಿಗಳತ್ತ ಕೈ ತೋರಿಸಿದ. "ಬಗ್ದು ಬಿಸಾಕ್‌ಬೇಕು. ಇಲ್ದಿದ್ರೆ ಎಲ್ಡು ಮರಾನೂ ಹೋಯ್ತವೆ."

ನಾನು ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ನಿಂತಿದ್ದೆ. ಭಾವನವರು ನನ್ನ ಕಡೆ ನೋಡಲಿಲ್ಲ. ಅವರು ಹೆಚ್ಚು ಮಾತಿನವರಲ್ಲ. ನೀಲಕ್ಕ ಹೋದ ಮೇಲೆ ಇನ್ನೂ ಕಡಿಮೆಯಾಗಿತ್ತು. ಮಡಿಗಳ ಕಡೆ ತಿರುಗಿದರು.

"ಇರ್ಲಿ ಬುಡು ರಂಗ. ಹೋದ್ರೆ ಹೋಗ್ಲಿ" ಎಂದರು.

ಒಂದು ಹರಳು, ಎಳೆ ಮಿಡಿಕಾಯಿ, ಉದುರಿದರೂ ಮರದ ಬುಡದಲ್ಲಿ ಅರ್ಧ ದಿನ ಕೂರುವ ಮನುಷ್ಯ ಭಾವನವರು. ನಮ್ಮ ಸೀಮೆಯಲ್ಲಿ ಯಾರ ಬಾಯಲ್ಲೂ ನಾನು ಕೇಳದ ಮಾತು ಅದು. ಆ ಎರಡು ಮರಗಳನ್ನು ನೆಟ್ಟವರು ಅವರು. ಬೇಸಿಗೆಯಲ್ಲಿ ಕರೆಂಟಿಲ್ಲದಾಗ ಬಾವಿಯಿಂದ ಸೇದಿ ಕೊಡದಲ್ಲಿ ನೀರು ಹೊಯ್ದು ಉಳಿಸಿದವಳು ನೀಲಕ್ಕ. ಅಲ್ಲಿಯವರೆಗೆ ಆ ಮಡಿಗಳು ನನ್ನ ದುಃಖ ಮಾತ್ರ ಎಂದುಕೊಂಡಿದ್ದೆ. ಅವರು ಪ್ರತಿದಿನ ತೋಟಕ್ಕೆ ಸುತ್ತು ಹಾಕಿ ಆ ಮಡಿಗಳ ಪಕ್ಕದಿಂದಲೇ ಬರುತ್ತಿದ್ದದ್ದು ಏಕೆಂದು ನನಗೆ ಆಗ ಅರ್ಥವಾಯಿತು. ಅವಳು ಬದುಕಿಸಿದ್ದನ್ನು ನಾವಿಬ್ಬರೂ ಸೇರಿ ಅವಳ ಹೆಸರಿನಲ್ಲೇ ಸಾಯಿಸುತ್ತಿದ್ದೆವು.

ಮಾರನೆಯ ಬೆಳಗ್ಗೆ ನಾನೇ ಸೆರಗು ಬಿಗಿದು, ಸನಿಕೆ ಹಿಡಿದು ಹೋದೆ. ಮೊದಲು ಬದನೆಯ ಸೌದೆ ಕಿತ್ತೆ. ಮಣ್ಣು ಬಗೆದ ಹಾಗೆ ಹುಳಗಳು ಬಂದವು, ದಪ್ಪಗೆ, ಸುರುಳಿ ಸುತ್ತಿಕೊಂಡು, ಅಂಗೈಯಲ್ಲಿ ತಣ್ಣಗೆ. ಮೊದಲನೆಯದನ್ನು ಹಿಡಿದವಳೇ ಕೈ ಕೊಡವಿ ಬಿಸಾಡಿದೆ. ಹತ್ತನೆಯದರ ಹೊತ್ತಿಗೆ ಏನೂ ಅನ್ನಿಸಲಿಲ್ಲ. ತಳದಲ್ಲಿ ಅಂಗಾತ ಇಟ್ಟ ಮಟ್ಟೆಗಳು ಅರ್ಧ ಮಣ್ಣಾಗಿದ್ದರೂ ಒಳಗೆ ಇನ್ನೂ ಪಸೆಯಿತ್ತು. ತೆಂಗಿನ ಬೇರುಗಳು ಅಲ್ಲಿಗೂ ಏರಿ ಬಂದಿದ್ದವು. ಬಳೆಚೂರುಗಳು ಸಿಕ್ಕವು, ಹಸಿರು, ಕೆಂಪು. ಅವನ್ನು ಆರಿಸಿ ಇಟ್ಟುಕೊಳ್ಳಲು ಹೋಗಲಿಲ್ಲ. ಇಟ್ಟುಕೊಂಡು ಕೆಡಿಸಿದ್ದು ಸಾಕಾಗಿತ್ತು. ಮಣ್ಣಿಗೇ ಬಿಟ್ಟೆ.

ಹುಳಗಳನ್ನು ಒಗೆಯುವ ಕಲ್ಲಿನ ಮೇಲೆ ಹರಡಿ ದೂರ ನಿಂತೆ. ಎರಡು ವರ್ಷದಲ್ಲಿ ಹಕ್ಕಿಗಳು ಮರೆತಿರಬಹುದು ಎಂದುಕೊಂಡೆ. ಮೊದಲು ಒಂದು ಕಾಗೆ ಬಂತು. ಆಮೇಲೆ ಎಲ್ಲವೂ ಬಂದವು.

ಭಾವನವರು ಜಗಲಿಯಿಂದ ನೋಡುತ್ತಿದ್ದರು. ಮಧ್ಯಾಹ್ನ ಅವರೇ ಗಾಡಿಯಲ್ಲಿ ಹೊಸ ಮಟ್ಟೆ ತಂದು ಮಡಿಗಳ ಪಕ್ಕ ಸುರಿದು ಹೋದರು. ಬಾವಿಯ ಹತ್ತಿರದ ಒಂದು ಮರ ಉಳಿಯಿತು. ಇನ್ನೊಂದರ ಸುಳಿ ಕೊಳೆತು ಹೋಯಿತು.

ಮಡಿಗಳನ್ನು ಮತ್ತೆ ಕಟ್ಟಿದೆ, ಹಳೆಯ ಗೂಟಗಳ ಅಳತೆಗೇ. ಅದನ್ನು ಕಂಡು ರಂಗಪ್ಪ, "ಒಬ್ರೇ ಮಾಡದು, ಅಗ್ಲ ಕಮ್ಮಿ ಮಾಡ್ಕಳಿ ಅವ್ವಾ" ಎಂದ. ಸರಿಯಾದ ಮಾತೇ. ಆದರೆ ಗೂಟ ಕೀಳಲು ಮನಸ್ಸಾಗಲಿಲ್ಲ. ಮೂರನೆಯ ಮಡಿಗೆ ದಂಟು ಹಾಕಿದೆ. ಆ ಜಗಳವನ್ನು ಅವಳೇ ಗೆದ್ದಳು. ನೀರು ಹಾಕಲು ಅವಳ ಡಬ್ಬ ಸಿಗದೆ ನನ್ನ ದಪ್ಪ ಮೊಳೆಯ ಡಬ್ಬವನ್ನೂ ಹುಡುಕದೆ ಕೈಯಲ್ಲೇ ಚಿಮುಕಿಸಿದ್ದೆ. ಎರಡೂ ಮೊನ್ನೆ ಸಿಕ್ಕಿವೆ. ಅವಳದನ್ನು ತೊಳೆದು ಗೂಟಕ್ಕೆ ತೂಗುಹಾಕಿದ್ದೇನೆ. ನನ್ನದರಲ್ಲಿ ಈಗ ಉಪ್ಪಿನ ಮೂಟೆಯಿಂದ ಬಿಚ್ಚಿದ ದಾರ ಇಟ್ಟಿದ್ದೇನೆ. ಅದಕ್ಕೇ ಸರಿ ಅದು.

ಕಳೆ ಕೀಳುವಾಗ ಮೊದಲು ಈ ಬದಿಯಲ್ಲಿ ಕೂರುತ್ತೇನೆ. ಕೈ ಎಟಕುವಷ್ಟು ಕೀಳುತ್ತೇನೆ. ಆಮೇಲೆ ಎದ್ದು ಸುತ್ತಿ ಹೋಗಿ ಆ ಬದಿಯಲ್ಲಿ, ಅವಳ ಜಾಗದಲ್ಲಿ ಕೂತು ಕೀಳುತ್ತೇನೆ. ಅಲ್ಲಿ ಕೂತರೂ ನನ್ನ ತೋಳು ನನ್ನಷ್ಟೇ ಉದ್ದ. ನಡುವೆ ಒಂದು ಗೇಣು ಅಗಲದ ಪಟ್ಟಿ ಉಳಿಯುತ್ತದೆ. ಎರಡೂ ಕಡೆ ದಂಟು ಸಾಲಾಗಿ ನಿಂತಿದ್ದರೆ ನಡುವೆ ಗರಿಕೆ, ಅಣ್ಣೆಸೊಪ್ಪು ಬೈತಲೆಯ ಹಾಗೆ ಉದ್ದಕ್ಕೆ ಬೆಳೆದಿರುತ್ತದೆ. ಅದನ್ನು ಕಂಡ ಭಾವನವರು ಹೋದ ತಿಂಗಳು ತಿಪಟೂರಿನಿಂದ ಉದ್ದ ಕಾವಿನ ಕಳೆಗುದ್ದಲಿ ತಂದು ಗೋಡೆಗೆ ಒರಗಿಸಿದರು. "ಇದ್ರಲ್ಲಿ ಎಟುಕ್ತದೇನೋ ನೋಡಮ್ಮ" ಎಂದರು. ಎಟಕುತ್ತದೆ. ನಾನು ಇನ್ನೂ ಅದನ್ನು ಹಿಡಿದಿಲ್ಲ.

ಮಡಿಯೊಳಗೆ ಕಾಲಿಡುವ ಹಾಗಿಲ್ಲ. ಆ ಒಂದು ಗೇಣಿನ ತನಕ ಬರುತ್ತಿದ್ದ ಕೈ ಈಗ ಇಲ್ಲ.